ಹತ್ತು ಜನ ಹತ್ತು ಮಾತು ಹೇಳಿದರೆ ಚಿತ್ರದಲ್ಲಿ ಯಾವುದನ್ನು ತಿದ್ದಲಿ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ಡಿಜಿಟಲ್ ಆರ್ಟ್ ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮೂರ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೈತರೊಬ್ಬರು ಜಾಲರಿಗೆ ಗೂಡು ಸುರಿಯುತ್ತಿರುವ ಚಿತ್ರವನ್ನು ಕ್ರಿಟಾ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಸುಮಾರು 30 ಗಂಟೆ ಕೂತು ಮುಗಿಸಿ, ಆನ್‌ಲೈನ್‌ನಲ್ಲಿ ನಮ್ಮಂಥ ಕಲಿಯುವವರ ಗುಂಪಿಗೆ ಹಾಕಿದೆ. ಹೆಚ್ಚಿನವರು ‘ಸೂಪರ್’ ಅಂದು ಸುಮ್ಮನಾದರು. ಉಳಿದವರಲ್ಲಿ ಒಬ್ಬರು ಗೂಡು ಆಲೂಗಡ್ಡೆ ಥರ ಇದೆ ಅಂದರು, ಒಬ್ಬರು ಬಣ್ಣ ಮಂಕು ಅಂದರು, ಇನ್ನೊಬ್ಬರು ಬಣ್ಣ ಜಾಸ್ತಿಯಾಯ್ತು ಅಂದರು. ಕೈ ಸರಿಯಿಲ್ಲ, ಮುಖ ಅಗಲ ಅಂತಲೂ ಬಂತು. ಒಬ್ಬರಂತೂ ನನ್ನ ಚಿತ್ರದ ಮೇಲೇ ತಿದ್ದಿ ಬರೆದು ಕಳಿಸಿದರು. ಅದು ಚೆನ್ನಾಗಿದೆ, ಆದರೆ ನನ್ನದು ಅನ್ನಿಸುತ್ತಿಲ್ಲ. ಯಾರ ಮಾತು ಕೇಳಲಿ? ಚಿತ್ರ, ತಿದ್ದಿದ ಎರಡನೇ ಪ್ರತಿ, ಕೆಲಸದ ಫೈಲು, ಬಂದ ಅಭಿಪ್ರಾಯಗಳು, ಹಳೆಯ ನಾಲ್ಕು ಚಿತ್ರ, ಪೆನ್ಸಿಲ್ ಸ್ಕೆಚ್‌ಗಳು, ನಾನು ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ಟಿನ ಅಳತೆ ಎಲ್ಲವನ್ನೂ ಲಗತ್ತಿಸಿದ್ದೇನೆ.

ಉತ್ತರ: ಎಲ್ಲರ ಮಾತನ್ನೂ ಕೇಳಿ, ಆದರೆ ಪ್ರತಿಯೊಬ್ಬರ ಮಾತಿನಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಿ. ಎಲ್ಲಿ ನೋವಿದೆ ಅನ್ನುವುದನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಸರಿಯಾಗಿಯೇ ಹಿಡಿಯುತ್ತದೆ. ನೋವಿಗೆ ಕಾರಣ ಏನು, ಮದ್ದು ಏನು ಅಂತ ಹೇಳುವಾಗ ಅವರು ಬಹಳ ಸಲ ಎಡವುತ್ತಾರೆ. ಜಾಗ ಅವರು ತೋರಿಸಲಿ, ಕಾರಣ ಹುಡುಕುವ ಕೆಲಸ ನಿಮ್ಮದಾಗಲಿ.

ಮೊದಲು ಒಂದು ದಿನ ಬಿಡಿ. ಆಮೇಲೆ ಚಿತ್ರದ ಚಿಕ್ಕ ಪ್ರತಿಯೊಂದನ್ನು ತೆರೆದು, ಮೇಲೊಂದು ಹೊಸ ಲೇಯರ್ (ಪಾರದರ್ಶಕ ಪದರ) ಹಾಕಿ, ಬಂದ ಪ್ರತಿ ಅಭಿಪ್ರಾಯಕ್ಕೂ ಅದು ಯಾವ ಜಾಗದ ಬಗ್ಗೆಯೋ ಅಲ್ಲಿ ಒಂದು ಕೆಂಪು ಚುಕ್ಕೆ ಇಡಿ. ಏನು ಹೇಳಿದರು ಅಂತ ಬರೆಯಬೇಡಿ, ಚುಕ್ಕೆ ಮಾತ್ರ. ‘ಸೂಪರ್’ಗೆ ಚುಕ್ಕೆ ಇಲ್ಲ. ನಿಮಗೆ ಬಂದ ಮಾತುಗಳನ್ನು ಹೀಗೆ ಗುರುತಿಸಿದರೆ ಒಂದು ಚುಕ್ಕೆ ರೈತರ ಮುಖದ ಮೇಲೆ ಬೀಳುತ್ತದೆ, ಉಳಿದವೆಲ್ಲ ಬಲಗೈ ಮತ್ತು ಅದರ ಕೆಳಗಿನ ಗೂಡಿನ ರಾಶಿಯ ಸುತ್ತಲೇ ಗುಂಪುಗೂಡುತ್ತವೆ. ‘ಮಂಕು’, ‘ಜಾಸ್ತಿ’ ಅಂದವರೂ ರಾಶಿಯ ಬಣ್ಣದ ಬಗ್ಗೆಯೇ ಹೇಳಿದ್ದಾರೆ. ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಹಾಗೆ ಕಂಡ ಮಾತುಗಳು ಎರಡೇ ಜಾಗಕ್ಕೆ ಬಂದು ನಿಂತವು.

ಆಲೂಗಡ್ಡೆಯಿಂದ ಶುರು ಮಾಡೋಣ, ಬಂದದ್ದರಲ್ಲಿ ಅತ್ಯಂತ ಉಪಯುಕ್ತ ಮಾತು ಅದೇ. ಹೇಳಿದವರಿಗೆ ಕಾರಣ ಗೊತ್ತಿರಲಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರು. ಅಂಥ ಮಾತು ಚಿನ್ನ. ನೀವು ಅದನ್ನು ಬಣ್ಣದ ದೋಷ ಅಂದುಕೊಂಡು ಗೂಡನ್ನು ಇನ್ನಷ್ಟು ಬೆಳ್ಳಗೆ ಮಾಡಿದ್ದೀರಿ, ಎರಡನೇ ಪ್ರತಿಯಲ್ಲಿ ಕಾಣುತ್ತದೆ. ತಪ್ಪು ಇರುವುದು ಅಳತೆಯಲ್ಲಿ. ರೇಷ್ಮೆಗೂಡು ಉದ್ದಕ್ಕೆ ಮೂರರಿಂದ ನಾಲ್ಕು ಸೆಂಟಿಮೀಟರ್. ದೊಡ್ಡವರ ಅಂಗೈ ಅಗಲ ಎಂಟು–ಒಂಬತ್ತು. ಅಂದರೆ ಅಂಗೈ ಅಡ್ಡಕ್ಕೆ ಗೂಡುಗಳನ್ನು ಉದ್ದುದ್ದ ಜೋಡಿಸಿದರೆ ಎರಡೂವರೆ ಹಿಡಿಸಬೇಕು. ನಿಮ್ಮ ಚಿತ್ರದಲ್ಲಿ ಅಂಗೈಯ ಮೇಲಿರುವ ಗೂಡು ಒಂದೇ ಅಂಗೈಯ ಮುಕ್ಕಾಲು ಭಾಗ ತುಂಬಿದೆ. ಆ ಗಾತ್ರಕ್ಕೆ ನೋಡುವವರ ತಲೆ ಆಲೂಗಡ್ಡೆ ಅಂತಲೇ ಲೆಕ್ಕ ಹಾಕುತ್ತದೆ.

ಎರಡನೆಯದು ಹೊಳಪು. ಪ್ರತಿ ಗೂಡಿನ ತಲೆಯ ಮೇಲೂ ಒಂದು ಚೂಪಾದ ಬಿಳಿ ಚುಕ್ಕೆ ಇಟ್ಟಿದ್ದೀರಿ. ಒದ್ದೆ ವಸ್ತು, ನುಣುಪು ವಸ್ತು ಇಂಥವಕ್ಕೆ ಅದು ಸರಿ. ಗೂಡಿನ ಮೈ ನೂಲಿನದು, ಹೊರಗೆ ಸಡಿಲ ಎಳೆಗಳ ಹೊದಿಕೆ ಬೇರೆ. ಬೆಳಕು ಅಲ್ಲಿ ಚದುರುತ್ತದೆ, ಒಂದೆಡೆ ನಿಂತು ಹೊಳೆಯುವುದಿಲ್ಲ. ಚಿಪ್ಪು ತೆಳುವಾದ್ದರಿಂದ ಸ್ವಲ್ಪ ಬೆಳಕು ಒಳಗೂ ಹೋಗುತ್ತದೆ, ಹಾಗಾಗಿ ಬೆಳಕಿನಿಂದ ನೆರಳಿಗೆ ತಿರುಗುವ ಅಂಚು ಮೃದುವಾಗಿ, ಕೊಂಚ ಬೆಚ್ಚಗೆ ಕಾಣುತ್ತದೆ. ಹೊಳಪಿನ ಲೇಯರ್ ಪೂರ್ತಿ ಅಡಗಿಸಿ ನೋಡಿ, ಅರ್ಧ ಆಲೂಗಡ್ಡೆ ಅಲ್ಲೇ ಹೋಗುತ್ತದೆ.

ಮೂರನೆಯದು ರಾಶಿ. ಒಂದೊಂದೇ ಗೂಡು ಬರೆದು ರಾಶಿ ಮಾಡಲು ಹೋಗಿದ್ದೀರಿ, ಇನ್ನೂರಕ್ಕೂ ಹೆಚ್ಚಿವೆ, ಎಲ್ಲಕ್ಕೂ ಒಂದೇ ಗಮನ. ರಾಶಿಯನ್ನು ಮೊದಲು ಒಂದೇ ವಸ್ತು ಅಂತ ನೋಡಿ: ಒಂದು ಚಿಕ್ಕ ದಿಬ್ಬ, ಅದಕ್ಕೆ ಬೆಳಕಿನ ಬದಿ, ನೆರಳಿನ ಬದಿ. ಎರಡು ಬಣ್ಣದಲ್ಲಿ ದಿಬ್ಬ ಮಾಡಿ ಮುಗಿಸಿದ ಮೇಲೆ, ಬೆಳಕು–ನೆರಳು ಸೇರುವ ಗೆರೆಯುದ್ದಕ್ಕೂ ಹದಿನೈದು ಇಪ್ಪತ್ತು ಗೂಡುಗಳನ್ನು ಮಾತ್ರ ಬಿಡಿಬಿಡಿಯಾಗಿ ತೋರಿಸಿ. ಪೂರ್ತಿ ಬೆಳಕಲ್ಲಿರುವವು ಒಂದರೊಳಗೊಂದು ಕರಗಲಿ, ನೆರಳಲ್ಲಿರುವವುಗಳ ನಡುವಿನ ಸಂದುಗಳಷ್ಟೇ ಕಾಣಲಿ. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಇಪ್ಪತ್ತಕ್ಕೂ ಒಂದೇ ಅಚ್ಚು ಬೇಡ. ಕೆಲವು ಮೊಟ್ಟೆಯಾಕಾರ, ಕೆಲವಕ್ಕೆ ನಡುವೆ ಕಡಲೆಕಾಯಿಯಂಥ ಸಣ್ಣ ಸೊಂಟ. ನಿಮ್ಮ ಕಡೆಯ ಮಿಶ್ರತಳಿ ಗೂಡಿಗೆ ಹಳದಿ ಛಾಯೆ, ದ್ವಿತಳಿಯದಕ್ಕೆ (ಬೈವೋಲ್ಟೈನ್) ಬಿಳಿ. ನೀವು ಒಂದೇ ಜಾಲರಿಯಲ್ಲಿ ಎರಡನ್ನೂ ಕಲೆಸಿದ್ದೀರಿ. ಒಂದು ಲಾಟಿನ, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ, ಗೂಡು ಹಾಗಿರುವುದಿಲ್ಲ ಅನ್ನುವುದು ನಿಮ್ಮ ಬೀದಿಯ ಯಾವ ರೀಲರ್‌ಗೂ (ಗೂಡಿನಿಂದ ನೂಲು ತೆಗೆಯುವವರಿಗೂ) ಗೊತ್ತು, ಗುಂಪಿನಲ್ಲಿ ಚಿತ್ರ ನೋಡಿದ ಯಾರಿಗೂ ಗೊತ್ತಾಗಲಿಲ್ಲ. ಆದ್ದರಿಂದ ಇಂಥ ಚಿತ್ರವನ್ನು ಗುಂಪಿಗೆ ಹಾಕುವ ಮೊದಲೇ ಹುಳು ಸಾಕುವವರಿಗೋ ನೂಲು ತೆಗೆಯುವವರಿಗೋ ತೋರಿಸಿ. ‘ಹೇಗಿದೆ’ ಅಂತ ಕೇಳಬೇಡಿ, ‘ಚೆನ್ನಾಗಿದೆ ಕಣಮ್ಮ’ ಅಂದುಬಿಡುತ್ತಾರೆ. ‘ಈ ಗೂಡಿಗೆ ಎಷ್ಟು ರೇಟು ಹಾಕ್ತೀರ?’ ಅಂತ ಕೇಳಿ. ಆಗ ನೋಡುವ ಕಣ್ಣೇ ಬೇರೆ.

ಈಗ ‘ಮಂಕು’ ಮತ್ತು ‘ಜಾಸ್ತಿ’. ಒಂದೇ ಚಿತ್ರಕ್ಕೆ ಎರಡು ವಿರುದ್ಧ ಮಾತು ಬಂದಾಗ ಚಿತ್ರಕ್ಕಿಂತ ಮೊದಲು ಫೈಲನ್ನು ಅನುಮಾನಿಸಿ. ನೀವು ಕಳಿಸಿದ ಫೈಲಿನ ಕಲರ್ ಪ್ರೊಫೈಲ್, ಅಂದರೆ ಫೈಲಿನ ಯಾವ ಅಂಕಿ ಯಾವ ಬಣ್ಣ ಅಂತ ಹೇಳುವ ಪಟ್ಟಿ, ಅಡೋಬಿ ಆರ್‌ಜಿಬಿ. ಪ್ರೊಫೈಲ್ ಓದುವ ತಂತ್ರಾಂಶದಲ್ಲಿ ಅದು ನೀವು ಕಂಡ ಹಾಗೇ ಕಾಣುತ್ತದೆ. ಓದದ ಕಡೆ ಅದೇ ಅಂಕಿಗಳನ್ನು ಹೆಚ್ಚಿನ ಪರದೆಗಳು ಬಳಸುವ ಎಸ್‌ಆರ್‌ಜಿಬಿ ಅಂದುಕೊಂಡು ತೋರಿಸುವುದರಿಂದ ಚಿತ್ರ ಪೇಲವವಾಗುತ್ತದೆ. ಇತ್ತ ಬಹಳಷ್ಟು ಫೋನುಗಳಲ್ಲಿ ಪರದೆ ‘ವಿವಿಡ್’ ಸ್ಥಿತಿಯಲ್ಲಿರುತ್ತದೆ, ಅಲ್ಲಿ ಹಳದಿ, ಕೆಂಪು ಉಕ್ಕುತ್ತವೆ. ಮಂಕು ಅಂದವರೂ ಜಾಸ್ತಿ ಅಂದವರೂ ತಾವು ಕಂಡದ್ದನ್ನೇ ಹೇಳಿರಬಹುದು. ಪರಿಹಾರ ಸುಲಭ: ಹಂಚುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಕನ್ವರ್ಟ್, ಅಸೈನ್ ಅಲ್ಲ. ಕನ್ವರ್ಟ್ ಮಾಡಿದರೆ ಕಾಣುವ ಬಣ್ಣ ಉಳಿದು ಅಂಕಿ ಬದಲಾಗುತ್ತದೆ, ಅಸೈನ್ ಮಾಡಿದರೆ ಅಂಕಿ ಉಳಿದು ಬಣ್ಣ ಕೆಡುತ್ತದೆ. ಮುಂದಿನ ಚಿತ್ರವನ್ನು ಎಸ್‌ಆರ್‌ಜಿಬಿಯಲ್ಲೇ ಶುರು ಮಾಡಿದರೆ ಈ ತಾಪತ್ರಯವೇ ಇಲ್ಲ.

ಇನ್ನೊಂದು ಅನುಮಾನ. ನಿಮ್ಮ ನೆರಳುಗಳೆಲ್ಲ ಅಗತ್ಯಕ್ಕಿಂತ ನೀಲಿ. ರಾತ್ರಿ ಕೂತು ಕೆಲಸ ಮಾಡುವವರ ಚಿತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಗುರುತು. ಕಂಪ್ಯೂಟರಿನ ನೈಟ್ ಲೈಟನ್ನು ಸಂಜೆಗೆ ಹೊಂದಿಸಿಟ್ಟಿದ್ದರೆ ಅದು ತಾನಾಗಿ ಶುರುವಾಗಿ ಪರದೆಯನ್ನು ಕಿತ್ತಳೆಗೆ ತಿರುಗಿಸುತ್ತದೆ, ಕಣ್ಣು ಅದನ್ನು ಸರಿದೂಗಿಸಲು ನೀಲಿ ಸೇರಿಸುತ್ತಾ ಹೋಗುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ಅದನ್ನು ಆರಿಸಿ. ಮಾನಿಟರ್‌ನ ಸ್ವಂತ ಬಟನ್‌ಗಳಲ್ಲೂ ‘ಐ ಕೇರ್’, ‘ರೀಡಿಂಗ್’ ಅನ್ನುವಂಥ ಸ್ಥಿತಿ ಇರಬಹುದು, ನೋಡಿ.

ಇವೆರಡನ್ನೂ ಸರಿಪಡಿಸಿದ ಮೇಲೂ ರಾಶಿ ಮಂಕಾಗಿಯೇ ಕಾಣುತ್ತದೆ. ಅಲ್ಲಿ ಕೊರತೆ ಇರುವುದು ತಿಳಿ–ಗಾಢದ್ದು, ನೀವು ವ್ಯಾಲ್ಯೂ ಅನ್ನುವುದು. ಎಲ್ಲದರ ಮೇಲೆ ಒಂದು ಹೊಸ ಲೇಯರ್ ಹಾಕಿ ಪೂರ್ತಿ ಬೂದು ತುಂಬಿ, ಅದು ಕೆಳಗಿನ ಪದರಗಳೊಂದಿಗೆ ಬೆರೆಯುವ ರೀತಿಯನ್ನು (ಬ್ಲೆಂಡಿಂಗ್ ಮೋಡ್) ‘ಕಲರ್’ಗೆ ಬದಲಿಸಿ. ಚಿತ್ರ ಕಪ್ಪು–ಬಿಳುಪಾಗುತ್ತದೆ, ಬೇಕಾದಾಗ ಕಣ್ಣಿನ ಗುರುತು ಒತ್ತಿ ನೋಡಿ ಮತ್ತೆ ಅಡಗಿಸಬಹುದು. ಸ್ಯಾಚುರೇಷನ್ ಸ್ಲೈಡರನ್ನು ಸೊನ್ನೆಗೆ ಎಳೆದು ಪರೀಕ್ಷಿಸುವ ರೂಢಿ ಬಿಡಿ. ಎಷ್ಟೋ ತಂತ್ರಾಂಶಗಳಲ್ಲಿ ಹಾಗೆ ಮಾಡಿದರೆ ಅಚ್ಚ ಹಳದಿ, ಅಚ್ಚ ನೀಲಿ ಎರಡೂ ಒಂದೇ ಬೂದಾಗುತ್ತವೆ. ನಮ್ಮ ಕಣ್ಣಿಗೆ ಹಾಗಲ್ಲ: ಪರದೆಯ ಬೆಳಕಿನಲ್ಲಿ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21, ನೀಲಿಯದು ಶೇ 7. ಹಳದಿ ಅಂದರೆ ಕೆಂಪು ಮತ್ತು ಹಸಿರು ಕೂಡಿದ್ದು, ಆದ್ದರಿಂದ ಅದು ಬಿಳಿಗೆ ಹತ್ತಿರ. ಹಳದಿ ಗೂಡು ಬರೆಯುವವರಿಗೆ ಈ ಲೆಕ್ಕ ಬೇಕೇ ಬೇಕು.

ಬೂದಿನಲ್ಲಿ ನಿಮ್ಮ ಚಿತ್ರ ಏನು ಹೇಳುತ್ತದೆ ನೋಡಿ. ಕಪ್ಪನ್ನು 0, ಬಿಳಿಯನ್ನು 100 ಅಂತ ಇಟ್ಟುಕೊಂಡರೆ ಗೂಡು ಬೆಳಕಲ್ಲೂ 95, ನೆರಳಲ್ಲೂ 85. ‘ಗೂಡು ಬಿಳಿ’ ಅನ್ನುವುದು ನಿಮ್ಮ ತಲೆಯಲ್ಲಿದೆ, ಕೈ ಅದನ್ನೇ ಬರೆದಿದೆ. ನೆರಳಲ್ಲಿರುವ ಬಿಳಿ ವಸ್ತು ಬೆಳಕಲ್ಲಿರುವ ಕಂದು ವಸ್ತುವಿನಷ್ಟೇ ಗಾಢವಾಗಬಹುದು ಅನ್ನುವುದನ್ನು ಒಪ್ಪಲು ಎಲ್ಲರಿಗೂ ಸಮಯ ಹಿಡಿಯುತ್ತದೆ. ಈ ಚಿತ್ರಕ್ಕೆ ಹೀಗೆ ಹಂಚಿ: ಬೆಳಕಿನ ಗೂಡು 85ರಿಂದ 90, ನೆರಳಿನ ಗೂಡು 50ರ ಆಸುಪಾಸು, ಬೆಳಕಲ್ಲಿರುವ ಚರ್ಮ 50ರಿಂದ 55, ನೆರಳಲ್ಲಿರುವ ಚರ್ಮ 25ರಿಂದ 30, ಹಿಂದಿನ ಗೋಡೆ 35ರಿಂದ 40. 95ರ ಮೇಲಿನದ್ದನ್ನು ಬೇರೆಲ್ಲೂ ಬಳಸದೆ, ಬೆರಳ ಸಂದಿಯಿಂದ ಜಾರಿ ಬೀಳುತ್ತಿರುವ ಎರಡೋ ಮೂರೋ ಗೂಡಿಗೆ ಉಳಿಸಿಡಿ. ಬೆಳಕು ಅಲ್ಲೇ ಬಿದ್ದಿದೆ ಅಂತ ನೋಡುವವರಿಗೆ ಅನ್ನಿಸುವುದು ಆಗ. ಈ ಅಂಕಿಗಳು ಈ ಚಿತ್ರದ ಮಟ್ಟಿಗೆ ಮಾತ್ರ. ಯಾವ ಚಿತ್ರಕ್ಕಾದರೂ ನೋಡಬೇಕಾದ್ದು ಗುಂಪುಗಳ ನಡುವೆ ಎಷ್ಟು ಅಂತರ ಇದೆ ಅನ್ನುವುದನ್ನು.

‘ಕೈ ಸರಿಯಿಲ್ಲ’ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಿಮ್ಮ ಕೈಯ ರೇಖೆ ತಪ್ಪಿಲ್ಲ, ಬೆರಳ ಗೆಣ್ಣುಗಳ ಅಳತೆ ಸರಿಯಾಗಿದೆ. ಮುಂಗೈಯ ನೆರಳು 38, ಹಿಂದಿನ ಗೋಡೆಯೂ 38. ಎರಡಕ್ಕೂ ಒಂದೇ ಗಾಢತೆ ಇರುವ ಕಡೆ ಕೈ ಗೋಡೆಗೆ ಅಂಟಿಕೊಂಡು, ಅರ್ಧ ಕೈ ಮಾಯವಾಗಿ, ಉಳಿದ ಆಕಾರ ವಕ್ರವಾಗಿ ಕಾಣುತ್ತದೆ. ನೆರಳನ್ನು 28ಕ್ಕೆ ಇಳಿಸಿದರೆ ಸಾಕು. ಇದನ್ನು ತಿಳಿಯದೆ ಕೈಯನ್ನೇ ಅಳಿಸಿ ಮತ್ತೆ ಬರೆಯಲು ಹೊರಟಿದ್ದೀರಿ. ಬೇಡ.

ಮುಖ ಅಗಲ ಅಂದದ್ದು ಮಾತ್ರ ಬೇರೆ ವಿಷಯ. ನೀವು ಕಳಿಸಿದ ಹಳೆಯ ನಾಲ್ಕು ಚಿತ್ರಗಳಲ್ಲೂ ಮುಖ, ಗಾಲಿ, ಮಡಕೆ ಎಲ್ಲವೂ ಸ್ವಲ್ಪ ಅಗಲಕ್ಕೆ ಎಳೆದ ಹಾಗಿವೆ, ಪೆನ್ಸಿಲ್ ಸ್ಕೆಚ್‌ಗಳಲ್ಲಿ ಹಾಗಿಲ್ಲ. ಕೈಗೆ ದೋಷ ಹಚ್ಚುವ ಮೊದಲು ಟ್ಯಾಬ್ಲೆಟ್ ನೋಡಿ. ಅದರ ಮೇಲೆ ಒಂದು ಐದು ರೂಪಾಯಿ ನಾಣ್ಯ ಇಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಪರದೆಯಲ್ಲಿ ದುಂಡಗೆ ಬಂದರೆ ಸರಿ, ಅಂಡಾಕಾರ ಬಂದರೆ ಟ್ಯಾಬ್ಲೆಟ್ಟಿನ ಮತ್ತು ಪರದೆಯ ಅನುಪಾತ ಹೊಂದುತ್ತಿಲ್ಲ. ನಿಮ್ಮದು 10 ಇಂಚು × 6.25 ಇಂಚಿನ ಟ್ಯಾಬ್ಲೆಟ್ ಅಂದಿದ್ದೀರಿ, ಅಂದರೆ 16:10. ಪರದೆ 1920×1080, ಅಂದರೆ 16:9. ಟ್ಯಾಬ್ಲೆಟ್ ಪೂರ್ತಿ ಪರದೆ ಪೂರ್ತಿಗೆ ಹೊಂದಿಸಿಟ್ಟರೆ ಒಂದು ಇಂಚಿನ ವೃತ್ತ ಪರದೆಯಲ್ಲಿ ಅಡ್ಡಕ್ಕೆ 192 ಪಿಕ್ಸೆಲ್, ಉದ್ದಕ್ಕೆ ಸುಮಾರು 173 ಪಿಕ್ಸೆಲ್ ಆಗುತ್ತದೆ. ಶೇ 11ರಷ್ಟು ಅಗಲ! ನಿಧಾನವಾಗಿ ಬರೆಯುವಾಗ ಕಣ್ಣು ಇದನ್ನು ತಿದ್ದಿಕೊಳ್ಳುತ್ತದೆ, ಬೀಸು ಗೆರೆಯಲ್ಲಿ ತಿದ್ದುವುದಿಲ್ಲ. ಟ್ಯಾಬ್ಲೆಟ್ಟಿನ ಡ್ರೈವರ್ ತಂತ್ರಾಂಶದಲ್ಲಿ ಅನುಪಾತ ಕಾಪಾಡುವ ಆಯ್ಕೆ ಇರುತ್ತದೆ, ಅದನ್ನು ಹಾಕಿದರೆ ಟ್ಯಾಬ್ಲೆಟ್ಟಿನ ಕೆಳಗಿನ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಜಾಗ ಸತ್ತುಹೋಗುತ್ತದೆ ಅಷ್ಟೇ. ಆ ಆಯ್ಕೆ ಇಲ್ಲದಿದ್ದರೆ ಬಳಸುವ ಎತ್ತರವನ್ನು ಕೈಯಾರೆ 5.6 ಇಂಚಿಗೆ ಇಳಿಸಿ. ಮೊದಲ ಎರಡು ದಿನ ಗೆರೆಗಳೆಲ್ಲ ತಪ್ಪುತ್ತವೆ, ಕೈ ಹಳೆಯದಕ್ಕೆ ಒಗ್ಗಿರುತ್ತದೆ. ಆಮೇಲೆ ಕ್ರಿಟಾದಲ್ಲಿ ಆಗಾಗ ಎಂ ಕೀಲಿ ಒತ್ತಿ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಉಳಿದ ಓರೆಗಳೂ ಕಣ್ಣಿಗೆ ಬೀಳುತ್ತವೆ.

ನಿಮ್ಮ ಚಿತ್ರದ ಮೇಲೆ ಬರೆದು ಕಳಿಸಿದ್ದಾರಲ್ಲ, ಅದನ್ನು ಕೆಲಸದ ಫೈಲಿಗೆ ಸೇರಿಸಬೇಡಿ. ಕಾಲೇಜಿಗೆ ಒಪ್ಪಿಸುವ ಚಿತ್ರವಾದರೆ ಸೇರಿಸಲೇಬಾರದು. ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡನ್ನೂ ಬೂದು ಮಾಡಿ, ಏನು ಬದಲಾಗಿದೆ ಅಂತ ಮೂರು ವಾಕ್ಯ ಬರೆಯಿರಿ. ‘ಗೋಡೆ ಗಾಢವಾಗಿದೆ, ರಾಶಿಯ ಹಿಂಬದಿ ಕರಗಿದೆ, ಟವೆಲ್ಲಿನ ಕೆಂಪು ಇಳಿದಿದೆ’ ಹೀಗೆ. ಆಮೇಲೆ ಅವರ ಪ್ರತಿಯನ್ನು ಮುಚ್ಚಿ, ಆ ಮೂರು ವಾಕ್ಯ ಮಾತ್ರ ಎದುರಿಗಿಟ್ಟುಕೊಂಡು ನಿಮ್ಮ ಫೈಲಿನಲ್ಲಿ ತಿದ್ದಿ. ಅವರು ರೈತರ ಮುಖವನ್ನೂ ನುಣುಪು ಮಾಡಿ ಇಪ್ಪತ್ತು ವರ್ಷ ಕಿರಿಯರನ್ನಾಗಿಸಿದ್ದಾರೆ. ‘ನನ್ನದು ಅನ್ನಿಸುತ್ತಿಲ್ಲ’ ಅನ್ನುವ ಕಸಿವಿಸಿ ಬಹುಶಃ ಅಲ್ಲಿಂದ ಬಂದದ್ದು, ಅದು ನ್ಯಾಯವಾದದ್ದೇ. ಮುಖ ನುಣುಪು ಮಾಡಿದ್ದು ದೋಷವನ್ನು ತಿದ್ದಿದ್ದಲ್ಲ, ಅವರ ರುಚಿ. ದೋಷ ಯಾವುದು ರುಚಿ ಯಾವುದು ಅಂತ ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಇದೆ: ನಾನು ಹೇಳಹೊರಟಿದ್ದು ಇದರಿಂದ ಇನ್ನೂ ಸ್ಪಷ್ಟವಾಯಿತೇ, ಇಲ್ಲ ಬೇರೇನೋ ಆಯಿತೇ?

ಇನ್ನು ಹಂಚುವ ರೀತಿ. 30 ಗಂಟೆ ಮುಗಿಸಿ ತೋರಿಸಿದ್ದೇ ಮೊದಲ ತಪ್ಪು. ಅಷ್ಟು ಹೊತ್ತಿಗೆ ಚಿತ್ರ ಗಟ್ಟಿಯಾಗಿರುತ್ತದೆ, ಬುಡದ ದೋಷ ಯಾರು ಹೇಳಿದರೂ ತಿದ್ದಲು ಮನಸ್ಸು ಬರುವುದಿಲ್ಲ, ಹೇಳುವವರೂ ಪಾಪ ಅಂತ ಸುಮ್ಮನಾಗುತ್ತಾರೆ. ಮೂರು ಸಲ ತೋರಿಸಿ. ಮೊದಲು 300 ಪಿಕ್ಸೆಲ್ ಅಗಲದ ನಾಲ್ಕು ಥಂಬ್‌ನೇಲ್ (ಪುಟ್ಟ ಕಚ್ಚಾ ಚಿತ್ರ), ಒಂದಕ್ಕೆ ಹತ್ತು ನಿಮಿಷ, ಮೂರೇ ಬೂದು. ಎರಡನೇ ಸಲ ಆರಿಸಿದ್ದನ್ನು ದೊಡ್ಡದು ಮಾಡಿ ಬಣ್ಣದ ಪಟ್ಟೆಗಳಷ್ಟನ್ನು ಹಾಕಿದಾಗ. ಮೂರನೆಯದು ಮುಕ್ಕಾಲು ಮುಗಿದಾಗ. ಪೂರ್ತಿ ಮುಗಿದ ಮೇಲೆ ಬರುವ ಮಾತು ಮುಂದಿನ ಚಿತ್ರಕ್ಕೆ.

ಪ್ರತಿ ಸಲ ಕೇಳುವುದನ್ನು ಬರೆದೇ ಕೇಳಿ. ‘ಹೇಗಿದೆ ಫ್ರೆಂಡ್ಸ್’ ಅಂದರೆ ‘ಸೂಪರ್’ ಬಿಟ್ಟು ಬೇರೇನು ಬರಬೇಕು? ಈ ಚಿತ್ರಕ್ಕಾದರೆ ಹೀಗೆ ಬರೆಯಬಹುದಿತ್ತು: ‘ಗೂಡು ಮಾರುಕಟ್ಟೆ, ಬೆಳಗಿನ ಹೊತ್ತು, ಎಡಗಡೆ ಬಾಗಿಲಿನಿಂದ ಬೆಳಕು. ಮೊದಲು ಕೈ, ಆಮೇಲೆ ಮುಖ ಕಾಣಬೇಕು ಅಂತ ಉದ್ದೇಶ. ಎರಡನೇ ಹಂತ, ನಾಲ್ಕು ಗಂಟೆಯಾಗಿದೆ. 1. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? 2. ರಾಶಿ ನೆಲದ ಮೇಲಿದೆಯೋ ಜಾಲರಿಯಲ್ಲಿದೆಯೋ ಗೊತ್ತಾಗುತ್ತಿದೆಯೇ? ಮುಖದ ಕೆಲಸ ಇನ್ನೂ ಶುರುವಾಗಿಲ್ಲ, ಅದನ್ನು ಬಿಡಿ.’ ಎರಡು ಪ್ರಶ್ನೆಗಿಂತ ಹೆಚ್ಚು ಬೇಡ. ಜೊತೆಗೆ ನೋಡಿ ಬರೆದ ಫೋಟೊ ಇದ್ದರೆ ಹಾಕಿ, ಅದಿಲ್ಲದೆ ಬೆಳಕು ತಪ್ಪೋ ಅಲ್ಲವೋ ಹೇಳಲಾಗದು. ಆದರೆ ಮಾರುಕಟ್ಟೆಯಲ್ಲಿ ತೆಗೆದ ಫೋಟೊದಲ್ಲಿ ಯಾರದೋ ಮುಖ ಇದ್ದರೆ ಅವರನ್ನು ಕೇಳಿಯೇ ಹಾಕಿ, ಇಲ್ಲವೇ ಮುಖ ಮಸುಕು ಮಾಡಿ.

ಬೇರೆಯವರ ಚಿತ್ರಕ್ಕೆ ನೀವು ಹೇಳುವ ಮಾತೂ ನಿಮ್ಮ ಅಭ್ಯಾಸವೇ. ‘ಕೈ ಸರಿಯಿಲ್ಲ’ ಅಂತ ನಿಮಗೆ ಬಂತಲ್ಲ, ಅದನ್ನೇ ‘ಮುಂಗೈ ನೆರಳು, ಗೋಡೆ ಎರಡೂ ಒಂದೇ ಗಾಢ, ಅದಕ್ಕೆ ಕೈ ಗೋಡೆಗೆ ಅಂಟಿದ ಹಾಗಿದೆ’ ಅಂದಿದ್ದರೆ ನಿಮಗೆ ಮೂರು ದಿನ ಉಳಿಯುತ್ತಿತ್ತು. ಜಾಗ, ಕಂಡದ್ದು, ಕಾರಣ ಇಷ್ಟಿದ್ದರೆ ಸಾಕು. ಕಾರಣ ಗೊತ್ತಾಗದಿದ್ದರೆ ಊಹಿಸಬೇಡಿ, ಆಲೂಗಡ್ಡೆ ಅಂತಲೇ ಹೇಳಿ. ವಾರಕ್ಕೆ ಮೂರು ಚಿತ್ರ ಹೀಗೆ ಕಾರಣ ಸಮೇತ ನೋಡಿದರೆ ಸ್ವಂತ ಚಿತ್ರದಲ್ಲೂ ಅದೇ ಕಣ್ಣು ಕೆಲಸ ಮಾಡುತ್ತದೆ.

ಒಂದು ಭಾನುವಾರ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಿಗ್ಗೆ ಒಂದು ಗಂಟೆ ಕೂರುವುದೂ ಒಳ್ಳೆಯದು. ಒಂದೇ ಬಣ್ಣದ ಕಲ್ಲು, ಆಕಾಶಕ್ಕೆ ಮುಖ ಮಾಡಿದ ಮೇಲ್ಮೈ ಒಂದು ತಿಳಿ, ನಿಂತ ಮೇಲ್ಮೈ ಒಂದು ಗಾಢ, ಸೂರ್ಯನಿಗೆ ಎದುರಾದ ಬದಿ ಮತ್ತೊಂದು. ಬಣ್ಣದ ಗೊಂದಲವಿಲ್ಲದೆ ವ್ಯಾಲ್ಯೂ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಚಿಕ್ಕಬಳ್ಳಾಪುರದ ಸುತ್ತಮುತ್ತ ಸಿಗುವುದು ಕಷ್ಟ. ಮೂರೇ ಬೂದಿನಲ್ಲಿ ಬರೆಯಿರಿ, ನಾಲ್ಕನೆಯದು ಬೇಕು ಅನ್ನಿಸಿದರೂ ಬೇಡ.

ಕೊನೆಗೆ ಫೈಲಿನ ಲೆಕ್ಕ. ಮೂಲವನ್ನು ಎ3 ಮುದ್ರಣಕ್ಕೆ ಆಗುವ ಹಾಗೆ 3508×4961 ಪಿಕ್ಸೆಲ್‌ನಲ್ಲಿ ಇಟ್ಟುಕೊಳ್ಳಿ, ಅದನ್ನು ಯಾರಿಗೂ ಕಳಿಸಬೇಡಿ. ಹಂಚುವ ಪ್ರತಿ ಉದ್ದದ ಬದಿಗೆ 2000 ಪಿಕ್ಸೆಲ್, ಜೆಪೆಗ್, ಗುಣಮಟ್ಟ 90. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಹಾಕಿದರೆ ಅದು ಮತ್ತೆ ಒತ್ತಿ ಕುಗ್ಗಿಸುತ್ತದೆ, ನೆರಳಿನ ಮೃದು ಇಳಿಜಾರು ಚೌಕ ಚೌಕವಾಗಿ ಒಡೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪರದೆಯ ಫೋಟೊ ತೆಗೆದು ಹಾಕುವುದಂತೂ ಬೇಡವೇ ಬೇಡ. ಹೆಸರನ್ನು ಚಿತ್ರದ ನಡುವೆ ದೊಡ್ಡದಾಗಿ ಹರಡಿದ್ದೀರಿ, ಅದು ಕಳ್ಳರನ್ನು ತಡೆಯುವುದಕ್ಕಿಂತ ನೋಡುವವರನ್ನೇ ಹೆಚ್ಚು ತಡೆಯುತ್ತದೆ. ಒಂದು ಮೂಲೆಯಲ್ಲಿ ಚಿಕ್ಕದಾಗಿ ಸಾಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವೇ ಸ್ವಂತಕ್ಕೆ ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ವಿವಾದ ಬಂದರೆ ಪುರಾವೆಗೆ ಬೇಕಾಗುವುದು ಲೇಯರ್ ಇರುವ ಮೂಲ ಫೈಲು, ಹಂತಹಂತದ ಪ್ರತಿಗಳು. ಕ್ರಿಟಾದ ‘ಸೇವ್ ಇನ್‌ಕ್ರಿಮೆಂಟಲ್ ವರ್ಷನ್’ ಬಳಸಿದರೆ ಪ್ರತಿ ಸಲ ಹೊಸ ಸಂಖ್ಯೆಯ ಫೈಲು ತಾನಾಗಿ ಉಳಿಯುತ್ತದೆ.

ಈ ಚಿತ್ರವನ್ನು ಸದ್ಯಕ್ಕೆ ಹೀಗೆ ಮುಂದುವರಿಸಿ: ಪ್ರತಿಯೊಂದನ್ನು ತೆಗೆದುಕೊಂಡು ಹೊಳಪಿನ ಲೇಯರ್ ಅಳಿಸಿ, ರಾಶಿಯನ್ನು ದಿಬ್ಬವಾಗಿ ಮತ್ತೆ ಕಟ್ಟಿ, ಮುಂಗೈ ನೆರಳನ್ನು ಇಳಿಸಿ. ನಾಲ್ಕು ಗಂಟೆಯ ಕೆಲಸ. ಮುಖ ಮುಟ್ಟಬೇಡಿ, ನಾಣ್ಯದ ಪರೀಕ್ಷೆ ಆದ ಮೇಲೆ ನೋಡೋಣ. ಆಮೇಲೆ ಅದೇ ಗುಂಪಿಗೆ, ಹಳೆಯದನ್ನು ಪಕ್ಕದಲ್ಲಿಡದೆ ಹೊಸದೊಂದನ್ನೇ ಹಾಕಿ, ‘ರೈತರ ಕೈಯಲ್ಲಿರುವುದು ಏನು?’ ಅನ್ನುವ ಒಂದೇ ಪ್ರಶ್ನೆ ಕೇಳಿ.